ದುಡಿಮೆಯ ನಡುವೆ ದೇವರ ನೆನಪು

(ಅಡಾಜಣ್‌ನಲ್ಲಿ ಸೇರಿದ್ದ ನಮ್ಮ ಸಂಘದ ಕಥೋಲಿಕ ಸದಸ್ಯರ ಕೂಟದಲ್ಲಿ ಆಡಿದ ಮಾತು. ಇತರ ಸದಸ್ಯರೂ ಕೇಳಲು ಬಂದಿದ್ದರು. ಅವರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದೆ.)



ಮಧ್ಯಾಹ್ನದ ಊಟದ ಗಿರಾಕಿಗಳನ್ನು ಕಳಿಸಿದ ಮೇಲೆ, ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮೊದಲು, ಹೊಟೇಲಿನವರಾದ ನಮಗೆ ಸಿಕ್ಕುವುದು ಇದೊಂದು ಗಂಟೆ. ಆ ಗಂಟೆಯಲ್ಲಿ ಕಾಲು ಚಾಚಿ ಮಲಗಬೇಕಾದವರು ಇಲ್ಲಿ ಬಂದು ಕುಳಿತಿದ್ದೀರಿ. ಬಣ್ಣದ ಗಿರಣಿಯ ಸೋದರರು ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿದ್ದೀರಿ. ಆದ್ದರಿಂದ ಮಾತನ್ನು ಬಹಳ ಎಳೆಯುವುದಿಲ್ಲ.

ನಾನು ಪಾದ್ರಿಯಲ್ಲ, ಪಂಡಿತನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಕೆಲವು ವರ್ಷ ಮನೆಯ ಗದ್ದೆಯಲ್ಲಿ ದುಡಿದು, 2005ರಲ್ಲಿ ಹದಿನಾರನೆಯ ವಯಸ್ಸಿಗೆ ಈ ಸೂರತ್ತಿಗೆ ಬಂದು ಲೋಟ ತೊಳೆಯಲು ನಿಂತವನು. ಸಂಬಳ, ರಜೆ, ಪ್ರಾವಿಡೆಂಟ್ ಫಂಡು ಎಂದರೆ ನಾಲ್ಕು ಮಾತು ಆಡಿಯೇನು. ಧರ್ಮದ ವಿಚಾರ ಎತ್ತಿಕೊಳ್ಳಲು ನನಗೆ ಯಾವ ಅಧಿಕಾರವೂ ಇಲ್ಲ. ಎತ್ತಿಕೊಂಡದ್ದಕ್ಕೆ ಕಾರಣ ಒಬ್ಬ ಹುಡುಗ.

ಕಳೆದ ತಿಂಗಳು ಸಂಘದ ವಂತಿಗೆ ಕೂಡಿಸಲು ಒಂದು ಹೊಟೇಲಿನ ಹಿಂಬಾಗಿಲಿಗೆ ಹೋಗಿದ್ದೆ. ಮೋರಿಯ ಹತ್ತಿರ ತಟ್ಟೆ ಉಜ್ಜುತ್ತಿದ್ದ ಕಾರ್ಕಳದ ಕಡೆಯ ಒಬ್ಬ ಹುಡುಗ ಕೈ ಒರಸಿಕೊಂಡು ಬಂದು ಹಣ ಕೊಟ್ಟ. ರಶೀದಿ ಬರೆಯುತ್ತಿರುವಾಗ ತಲೆ ತಗ್ಗಿಸಿ ಕೇಳಿದ: "ಅಣ್ಣಾ, ನಾನು ಇಗರ್ಜಿಗೆ ಹೋಗದೆ ಹದಿನಾಲ್ಕು ತಿಂಗಳಾಯಿತು. ಭಾನುವಾರ ರಜೆ ಕೇಳಿದರೆ ಬೈಯುತ್ತಾರೆ. ನಾನು ಈಗಲೂ ಕ್ರೈಸ್ತನೇ ಹೌದೇ?"

ನಾನು, "ಹೌದು ಮಾರಾಯಾ, ಅದಕ್ಕೆಲ್ಲಾ ಯಾಕೆ ಹೆದರುತ್ತೀ" ಎಂದು ಹೇಳಿ ರಶೀದಿ ಹರಿದು ಕೊಟ್ಟು ಬಂದುಬಿಟ್ಟೆ. ದೋಸೆ ಎಲ್ಲಿ ಎಂದು ಕೇಳುವ ಗಿರಾಕಿಗೆ ಸಪ್ಲೈಯರು "ಬಂತು, ಬಂತು" ಎನ್ನುತ್ತಾನಲ್ಲ, ಅಂಥ ಉತ್ತರ ಅದು. ರಾತ್ರಿ ಮಲಗಿದ ಮೇಲೆ ಆ ಹುಡುಗನ ಮುಖ ಕಣ್ಣ ಮುಂದೆ ನಿಂತಿತು. ಅದೇ ಪ್ರಶ್ನೆಯನ್ನು ನಾನು ಒಂದು ಕಾಲಕ್ಕೆ ಕೇಳಬೇಕಾಗಿತ್ತು. ಕೇಳುವ ಧೈರ್ಯ ನನಗಿರಲಿಲ್ಲ. ಈ ದಿನ ಅವನಿಗೆ ಸರಿಯಾದ ಉತ್ತರ ಕೊಡಲು ಪ್ರಯತ್ನಿಸುತ್ತೇನೆ. ಅವನೂ ಇಲ್ಲಿ ಕುಳಿತಿದ್ದಾನೆ, ಹೆಸರು ಹೇಳುವುದಿಲ್ಲ.

ನನ್ನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಊರಿನಲ್ಲಿ ಸಂಜೆ ಏಳು ಗಂಟೆಗೆ ದೀಪ ಹಚ್ಚಿದೊಡನೆ ಮನೆಯವರೆಲ್ಲ ಅಲ್ತಾರಿನ ಮುಂದೆ ಮೊಣಕಾಲೂರಬೇಕು. ನಾವು ಕೊಂಕಣಿಯಲ್ಲಿ ತೆರ್ಸ್ ಎನ್ನುತ್ತೇವೆ, ಕನ್ನಡದಲ್ಲಿ ಜಪಮಾಲೆ. ಐವತ್ತಕ್ಕೂ ಹೆಚ್ಚು ಬಾರಿ ಮರಿಯಮ್ಮನವರಿಗೆ ನಮನ. ಅದು ಮುಗಿದ ಮೇಲೆ ಹಿರಿಯರ ಮುಂದೆ ಕೈ ಜೋಡಿಸಿ ಬೆಸಾಂವ್, ಎಂದರೆ ಆಶೀರ್ವಾದ ಬೇಡಬೇಕು. ಆ ಮೇಲೆಯೇ ಗಂಜಿ. ಹುಡುಗರಾದ ನಮಗೆ ಅದು ಶಿಕ್ಷೆಯಂತೆ ತೋರುತ್ತಿತ್ತು. ನಿದ್ದೆ ತೂಗಿದರೆ ಅಮ್ಮ ತೊಡೆ ಚಿವುಟುತ್ತಿದ್ದಳು.

ಸೂರತ್ತಿಗೆ ಬಂದ ಮರುವರ್ಷ, 2006ರ ಆಗಸ್ಟಿನಲ್ಲಿ, ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಬಂದು ಊರಿನ ಬಹುಭಾಗ ಮುಳುಗಿತು. ಈ ಅಡಾಜಣ್, ಆ ರಾಂದೇರ್, ಎಲ್ಲ ನೀರಿನ ಕೆಳಗೆ. ಇಲ್ಲಿ ಹಳಬರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ನಾವು ಹೊಟೇಲಿನ ಹುಡುಗರು ಮೇಲಿನ ಮಾಳಿಗೆಯಲ್ಲಿ ಸಿಕ್ಕಿಕೊಂಡಿದ್ದೆವು. ಬೆಳಕಿಲ್ಲ, ಕುಡಿಯುವ ನೀರಿಲ್ಲ. ಕೆಳಗೆ ಗ್ಯಾಸಿನ ಸಿಲಿಂಡರುಗಳು ತೇಲಿ ಗೋಡೆಗೆ ಬಡಿಯುವ ಸದ್ದು. ಅಮ್ಮ ಕೊಟ್ಟ ಜಪಮಾಲೆ ಪೆಟ್ಟಿಗೆಯೊಡನೆ ನೀರುಪಾಲಾಗಿತ್ತು. ಹತ್ತು ಬೆರಳು ಮಡಿಸಿ ಎಣಿಸುತ್ತ ಪ್ರಾರ್ಥಿಸಿದೆ. ಸಂಕಟ ಬಂದಾಗ ವೆಂಕಟರಮಣ ಎಂಬುದು ನಮ್ಮ ಹಿಂದೂ ಸೋದರರ ಗಾದೆ. ಕ್ರೈಸ್ತನಿಗೂ ಅದು ಸರಿಯಾಗಿಯೇ ಒಪ್ಪುತ್ತದೆ. ದೇವರಿಗೆ ಏನೇನೋ ಮಾತು ಕೊಟ್ಟೆ. ನೀರು ಇಳಿಯಿತು. ಅದರೊಡನೆ ನನ್ನ ಭಕ್ತಿಯೂ ಇಳಿಯಿತು.

ಮುಂದಿನ ಐದಾರು ವರ್ಷ ನಾನು ಪ್ರಾರ್ಥನೆಯನ್ನು ಬಿಟ್ಟೆನೆಂದು ಯಾವ ದಿನವೂ ನಿರ್ಧರಿಸಿದವನಲ್ಲ. ಈ ಭಾನುವಾರ ಗಿರಾಕಿ ಹೆಚ್ಚು, ಮುಂದಿನ ಭಾನುವಾರ ಹೋದರಾಯಿತು. ಈ ರಾತ್ರಿ ದಣಿವು, ನಾಳೆ ಮಾಡಿದರಾಯಿತು. ಹೀಗೆ ಅದು ತಾನಾಗಿಯೇ ಹೋಯಿತು. ರಜೆ ಸಿಕ್ಕಿದರೆ ಗೆಳೆಯರೊಡನೆ ದಮಣಕ್ಕೆ. ಗುಜರಾತಿನಲ್ಲಿ ಪಾನನಿರೋಧ ಇದೆಯೆಂದು ಊರಿನಲ್ಲಿ ಹೆಂಡತಿ ಮಕ್ಕಳು ನೆಮ್ಮದಿಯಾಗಿರುತ್ತಾರೆ. ದಮಣ ಎಷ್ಟು ದೂರ ಎಂದು ಅವರಿಗೆ ತಿಳಿಯದು.

2012ರಲ್ಲಿ ಅಮ್ಮ ತೀರಿಕೊಂಡಳು. ಊರಿಗೆ ಹೋದೆ. ಮಣ್ಣು ಕೊಟ್ಟು ಬಂದ ಸಂಜೆ ಮನೆಯಲ್ಲಿ ತೆರ್ಸ್. ನಮ್ಮಲ್ಲಿ ಐದು ಹತ್ತುಗಳನ್ನು ಒಬ್ಬೊಬ್ಬರು ಒಂದೊಂದರಂತೆ ನಡೆಸಿಕೊಡುತ್ತಾರೆ. ಹಿರಿಯ ಮಗನಾದ್ದರಿಂದ ಒಂದು ಹತ್ತು ನನ್ನ ಪಾಲಿಗೆ ಬಂತು. ಎರಡು ಸಲ ಸರಿಯಾಗಿ ಹೇಳಿದೆ. ಮೂರನೆಯ ಸಲ ನಡುವಿನಲ್ಲಿ ನಾಲಿಗೆ ನಿಂತುಹೋಯಿತು. ಎರಡು ವರ್ಷದ ಮಗುವಾಗಿದ್ದಾಗಿನಿಂದ ಹೇಳಿದ ಪ್ರಾರ್ಥನೆ. ಮುಂದಿನ ಶಬ್ದ ಬರಲಿಲ್ಲ. ಮನೆ ತುಂಬ ನೆರೆಹೊರೆಯವರು. ತಂಗಿ ಮೆಲ್ಲನೆ ಅಲ್ಲಿಂದ ಎತ್ತಿಕೊಂಡು ಪೂರ್ತಿ ಮಾಡಿದಳು. ಯಾರೂ ಏನೂ ಅನ್ನಲಿಲ್ಲ. ಅಮ್ಮನ ಸಾವಿಗಿಂತ ಆ ಗಳಿಗೆ ನನ್ನನ್ನು ಹೆಚ್ಚು ಅಳಿಸಿತೆಂದರೆ ನೀವು ತಪ್ಪು ತಿಳಿಯಬಾರದು.

ಮರಳಿ ಬಂದ ಮೇಲೆ ಬೇರೊಂದು ಹೊಟೇಲಿನಲ್ಲಿ ಶಿರ್ವದ ಕಡೆಯ ಒಬ್ಬ ಹಿರಿಯ ಅಡಿಗೆಯವರ ಕೈಕೆಳಗೆ ಸೇರಿದೆ. ಅವರು ಬೆಳಗಿನ ಜಾವ ಐದಕ್ಕೆ ಬರ್ನರಿಗೆ ಕಡ್ಡಿ ಗೀರುವ ಮೊದಲು ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕುತ್ತಿದ್ದರು. ಅಷ್ಟೆ, ಎರಡು ಉಸಿರಿನ ಕೆಲಸ. ಅವರ ಬಾಯಲ್ಲಿ ಧರ್ಮದ ಮಾತು ನಾನು ಕೇಳಿದ್ದೇ ಕಡಿಮೆ, ಬೈಗುಳ ಬೇಕಾದಷ್ಟು ಕೇಳಿದ್ದೇನೆ. ಒಂದು ದಿನ ನಾನೂ ಅವರಂತೆ ಮಾಡಿ ಕಡ್ಡಿ ಗೀರಿದೆ. ಅವರು ನೋಡಿಯೂ ನೋಡದವರಂತೆ ಇದ್ದರು. ನಾನು ಮರಳಿ ಆರಂಭಿಸಿದ್ದು ಅಲ್ಲಿಂದ.

ಸೋದರರೇ, ನಾನು ಕಂಡುಕೊಂಡದ್ದು ಇಷ್ಟೆ. ರಜೆ ಸಿಕ್ಕಿದಾಗ ಪ್ರಾರ್ಥಿಸುತ್ತೇನೆ ಎನ್ನುವ ಹೊಟೇಲ ಕೆಲಸಗಾರನಿಗೆ ರಜೆ ಎಂದೂ ಸಿಕ್ಕುವುದಿಲ್ಲ. ಪ್ರಾರ್ಥನೆಯನ್ನು ದಿನದ ಯಾವುದಾದರೊಂದು ಕೆಲಸಕ್ಕೆ ಕಟ್ಟಿ ಹಾಕಬೇಕು. ಒಲೆ ಹೊತ್ತಿಸುವುದಕ್ಕೆ ಶಿಲುಬೆಯ ಗುರುತು. ನೀರಿನ ಡ್ರಮ್ಮು ತುಂಬುವುದಕ್ಕೆ ದೇವದೂತನ ಪ್ರಾರ್ಥನೆ, ಅಂದರೆ ಊರಿನಲ್ಲಿ ಬೆಳಿಗ್ಗೆ, ನಡುಹಗಲು, ಸಂಜೆ ಮೂರು ಹೊತ್ತು ಗಂಟೆ ಹೊಡೆದಾಗ ಮಾಡುತ್ತೇವಲ್ಲ, ಅದು. ಇಲ್ಲಿ ಗಂಟೆ ಕೇಳಿಸುವುದಿಲ್ಲ. ಹನ್ನೆರಡು ಹೊಡೆಯುವಾಗ ನಾವು ಊಟದ ಗಡಿಬಿಡಿಯಲ್ಲಿ ಇರುತ್ತೇವೆ. ಆದರೆ ಡ್ರಮ್ಮು ದಿನಕ್ಕೆ ಮೂರು ಸಲ ತುಂಬಲೇಬೇಕು.

ಜಪಮಾಲೆಯ ಐದು ಹತ್ತನ್ನೂ ಒಂದೇ ಉಸಿರಿಗೆ ಮುಗಿಸಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗೆ ಕಟ್ಟಳೆಯೇನೂ ಇಲ್ಲ. ಒಂದು ಹತ್ತಿಗೆ ನಾಲ್ಕು ನಿಮಿಷ. ಕೋಣೆಯಿಂದ ಹೊಟೇಲಿಗೆ ನಡೆಯುವಾಗ ಒಂದು. ಸರ್ದಾರ್ ಸೇತುವೆಯ ಮೇಲೆ ರಿಕ್ಷಾದಲ್ಲಿ ಒಂದು. ಮಾರುಕಟ್ಟೆಯಲ್ಲಿ ತರಕಾರಿ ತೂಗುವವರೆಗೆ ಒಂದು. ಗಿರಣಿಯವರು ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ನಿಂತಿರುತ್ತೀರಿ, ಅಲ್ಲೊಂದು. ಮಣಿ ಬೇಕೆಂದಿಲ್ಲ, ಎರಡು ಕೈಯಲ್ಲಿ ದೇವರು ಹತ್ತು ಬೆರಳು ಕೊಟ್ಟಿದ್ದಾನೆ. ನೆರೆಯ ಮಾಳಿಗೆಯಲ್ಲಿ ಕಲಿತದ್ದು ಈಗ ಉಪಯೋಗಕ್ಕೆ ಬಂತು.

ಇದೆಲ್ಲ ನಮ್ಮಂಥವರ ಕಳ್ಳದಾರಿಯೆಂದು ಯಾರಾದರೂ ಅಂದರೆ, ಹಿಂದಿನ ಒಬ್ಬರ ಸಂಗತಿ ಹೇಳುತ್ತೇನೆ. 17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಎಂಬ ಸಹೋದರರಿದ್ದರು. ಮೊದಲು ಸಿಪಾಯಿಯಾಗಿ ಗಾಯಗೊಂಡು ಕುಂಟರಾದವರು. ಆಮೇಲೆ ದೊಡ್ಡವರ ಮನೆಯಲ್ಲಿ ಆಳಾಗಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಹಾಕುತ್ತಿದ್ದೆನೆಂದು ತಾವೇ ಹೇಳಿಕೊಂಡಿದ್ದಾರೆ. ಲೋಟ ಒಡೆದು ಸಂಬಳ ಕಡಿತವಾದ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಮಠದಲ್ಲಿ ಅವರಿಗೆ ಕೊಟ್ಟದ್ದು ಅಡಿಗೆಮನೆ. ಅಡಿಗೆಯ ಕೆಲಸವೆಂದರೆ ಅವರಿಗೆ ಸ್ವಭಾವತಃ ಜುಗುಪ್ಸೆ. ಹೀಗಿದ್ದರೂ ಆ ಬಾಣಲೆ, ಸೌಟುಗಳ ಸದ್ದಿನ ನಡುವೆಯೇ ದೇವರು ಹತ್ತಿರ ಇದ್ದಾನೆಂಬ ನೆನಪನ್ನು ಅಭ್ಯಾಸ ಮಾಡಿಕೊಂಡರು. ನೆನಪು ತಪ್ಪಿದಾಗ ತಮ್ಮನ್ನು ಹಳಿದುಕೊಳ್ಳುತ್ತ ಕೂಡದೆ ಮತ್ತೆ ಅಲ್ಲಿಂದಲೇ ಹಿಡಿದುಕೊಳ್ಳುವುದು ಅವರ ರೀತಿ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಾತುಗಳನ್ನು ಕೂಡಿಸಿ ಅಚ್ಚು ಮಾಡಿದರು. ಇಂದಿಗೂ ಜನ ಓದುತ್ತಾರೆ. ಪೀಠದ ಮೇಲೆ ಕುಳಿತು ಬೋಧಿಸಿದವರಲ್ಲ, ಸೌಟು ಹಿಡಿದವರು.

ನಮ್ಮ ಅತ್ತೂರಿನ ಸಂತ ಲಾರೆನ್ಸರು ಬೇರೆ. ಅವರು 258ರಲ್ಲಿ ರೋಮಿನಲ್ಲಿ ಪ್ರಾಣ ಕೊಟ್ಟವರು. ಕಬ್ಬಿಣದ ಜಾಲರಿಯ ಮೇಲೆ ಅವರನ್ನು ಸುಟ್ಟರೆಂಬ ಪರಂಪರೆಯಿಂದ ಅಡಿಗೆಯವರಿಗೆ ಅವರೇ ಪಾಲಕ ಸಂತ. ಜನವರಿಯ ಅತ್ತೂರು ಜಾತ್ರೆಗೆ ಇಲ್ಲಿ ಕುಳಿತ ಹಿಂದೂ ಸೋದರರಲ್ಲಿ ಎಷ್ಟೋ ಜನ ಮೇಣದ ಬತ್ತಿ ಹಿಡಿದು ಹೋದವರಿದ್ದೀರಿ. ಕಾವಲಿಯ ಮುಂದೆ ಬೆವರುವಾಗ ಅವರ ನೆನಪಾದರೆ ಅದೂ ಪ್ರಾರ್ಥನೆಯೇ.

ಊಟದ ಮಾತು. ನಾವು ಇನ್ನೂರು ಜನಕ್ಕೆ ಬಡಿಸಿ ಮೂರೂವರೆಗೆ ಮೂಲೆಯಲ್ಲಿ ನಿಂತು ನುಂಗುತ್ತೇವೆ. ಕುಳಿತುಕೊಳ್ಳಿ. ಶಿಲುಬೆಯ ಗುರುತು ಹಾಕಿ, ಅಕ್ಕಿ ಬೆಳೆದವನನ್ನೂ ದೇವರನ್ನೂ ಒಂದು ಕ್ಷಣ ನೆನೆದು ತುತ್ತು ಎತ್ತಿ. ಶುಕ್ರವಾರ ಮಾಂಸ ಬಿಡುವ ವಿಷಯದಲ್ಲಿ ಮಾತ್ರ ನಾವು ಪುಣ್ಯ ಕಟ್ಟಿಕೊಂಡೆವೆಂದು ಬೀಗುವಂತಿಲ್ಲ. ಉಡುಪಿ ಹೊಟೇಲಿನಲ್ಲಿ ವಾರದ ಏಳು ದಿನವೂ ಸಾಂಬಾರೇ. ನಿಜವಾಗಿ ಬಿಡಬೇಕಾದದ್ದನ್ನು ಹುಡುಕಬೇಕು. ನಾನು ಶುಕ್ರವಾರ ಗುಟ್ಕಾ ಬಿಡಲು ಆರಂಭಿಸಿದೆ. ಒಂದು ದಿನ ಬಿಟ್ಟದ್ದು ಎರಡು ದಿನವಾಗಲು ವರ್ಷ ಹಿಡಿಯಿತು. ಈಗಿನ ಹುಡುಗರಾದರೆ ಒಂದು ಶುಕ್ರವಾರ ಮೊಬೈಲಿನ ಚಿತ್ರ ನೋಡದೆ ಮಲಗಿ ನೋಡಲಿ, ಉಪವಾಸವೆಂದರೇನೆಂದು ತಿಳಿಯುತ್ತದೆ.

ಕುಡಿತದ ಮಾತನ್ನು ಬಿಡುವಂತಿಲ್ಲ, ಯಾಕೆಂದರೆ ನಮ್ಮವರು ಊರಿಗೆ ಹೆಣವಾಗಿ ಹೋದದ್ದನ್ನು ನಾವು ಕಂಡಿದ್ದೇವೆ. ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ ಮ್ಯಾಟ್ ಟಾಲ್ಬಟ್ ಎಂಬ ಕೂಲಿಕಾರನಿದ್ದ. 1856ರಲ್ಲಿ ಹುಟ್ಟಿದವನು, ಹನ್ನೆರಡನೆಯ ವಯಸ್ಸಿಗೆ ಕೆಲಸಕ್ಕೆ ಸೇರಿ, ಆಗಲೇ ಕುಡಿತಕ್ಕೂ ಬಿದ್ದ. ವಾರದ ಕೂಲಿಯೆಲ್ಲ ಅಂಗಡಿಗೆ. 1884ರಲ್ಲಿ, ಕೈಯಲ್ಲಿ ಕಾಸಿಲ್ಲದ ದಿನ, ಯಾರಾದರೂ ಕುಡಿಸಿಯಾರೆಂದು ಅಂಗಡಿಯ ಹೊರಗೆ ನಿಂತ. ಗೆಳೆಯರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಮನೆಗೆ ಹೋಗಿ ತಾಯಿಗೆ, "ಪ್ರತಿಜ್ಞೆ ಮಾಡುತ್ತೇನೆ" ಎಂದ. ಜೀವಮಾನಕ್ಕೆ ಮಾಡಲಿಲ್ಲ ನೋಡಿ; ಮೂರು ತಿಂಗಳಿಗೆ ಮಾಡಿದ. ಅದು ಮುಗಿದಾಗ ಇನ್ನಷ್ಟು ಕಾಲಕ್ಕೆ, ಕಡೆಗೆ ಸಾಯುವವರೆಗೆ. ಬೆಳಗಿನ ಜಾವ ಬಲಿಪೂಜೆಗೆ ಹೋಗಿ ಆಮೇಲೆ ಮರದ ಡಿಪೋದ ಕೆಲಸಕ್ಕೆ ಹೋಗುತ್ತಿದ್ದ. ಯೂನಿಯನ್ನಿನ ಸದಸ್ಯನೂ ಆಗಿದ್ದ. 1913ರಲ್ಲಿ ಮಾಲಿಕರು ಬೀಗಮುದ್ರೆ ಹಾಕಿದಾಗ ತನಗೆ ಬಂದ ಮುಷ್ಕರದ ಭತ್ಯೆಯನ್ನು ಸಂಸಾರವಂತರಿಗೆ ಹಂಚಿದ. 1925ರ ಜೂನ್ 7ರಂದು ಬಲಿಪೂಜೆಗೆ ಹೋಗುವ ದಾರಿಯಲ್ಲಿ ಬಿದ್ದು ಸತ್ತ. ಐವತ್ತು ವರ್ಷದ ಮೇಲೆ ಧರ್ಮಸಭೆ ಅವನನ್ನು ಪೂಜ್ಯನೆಂದು ಸಾರಿತು. ನಮ್ಮಲ್ಲಿ ಯಾರಿಗಾದರೂ ದಮಣದ ದಾರಿ ಬಿಡಿಸಬೇಕಾಗಿದ್ದರೆ ಜೀವಮಾನದ ಆಣೆ ಹಾಕಿಸಬೇಡಿ. ಮೂರು ತಿಂಗಳು ಹೇಳಿ.

ನಿಲುವನ್ನು ದಿನವೂ ನೆನಪಿಸಿಕೊಳ್ಳಬೇಕೆಂಬುದು ಚಳುವಳಿಗಾರರಿಗೂ ತಿಳಿದ ವಿಷಯವೇ. 1918ರಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ಶೇಕಡಾ 35ರ ಹೆಚ್ಚಳಕ್ಕೆ ಹೋರಾಡಿದಾಗ ಗಾಂಧೀಜಿಯವರು ಅವರನ್ನು ದಿನವೂ ಸಾಬರಮತಿಯ ದಂಡೆಯ ಜಾಲಿಮರದ ಕೆಳಗೆ ಕೂಡಿಸುತ್ತಿದ್ದರು. ಪ್ರತಿಜ್ಞೆಯನ್ನು ದಿನವೂ ನೆನಪಿಸುತ್ತಿದ್ದರು. ಒಂದು ಸಲ ಮಾಡಿದ ಪ್ರತಿಜ್ಞೆ ಹೊಟ್ಟೆಯ ಹಸಿವಿನ ಮುಂದೆ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ರಾತ್ರಿ ಗಲ್ಲಾ ಮುಚ್ಚುವಾಗ ಮಾಲಿಕರು ದಿನದ ಲೆಕ್ಕ ನೋಡುತ್ತಾರೆ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾರವರು ಆತ್ಮಕ್ಕೂ ಅಂಥದೇ ಲೆಕ್ಕವನ್ನು ಕಲಿಸಿದ್ದಾರೆ. ಮೊದಲು ಜಮೆ: ಈ ದಿನ ಸಿಕ್ಕಿದ ಒಳ್ಳೆಯದಕ್ಕೆ ಕೃತಜ್ಞತೆ. ಆಮೇಲೆ ಬೆಳಕು ಬೇಡಿ ದಿನವನ್ನು ಬೆಳಗಿನಿಂದ ತಿರುಗಿ ನೋಡುವುದು, ತಪ್ಪಿಗೆ ಪಶ್ಚಾತ್ತಾಪ, ನಾಳೆಗೆ ಒಂದು ನಿರ್ಧಾರ. ಜನ ಖರ್ಚಿನಿಂದ ಆರಂಭಿಸಿ ಕೊರಗುತ್ತಾರೆ. ಅವರು ಜಮೆಯಿಂದ ಆರಂಭಿಸಿದರು, ಅದು ನನಗೆ ಬಹಳ ಹಿಡಿಸಿತು. ಚಾಪೆ ಹಾಸಿದ ಮೇಲೆ ಐದು ನಿಮಿಷ ಸಾಕು. ಒಂದು ರಾತ್ರಿ ಹೀಗೆ ನೋಡುವಾಗ, ಹೊಸ ಕ್ಲೀನರ್ ಹುಡುಗನಿಗೆ ನಾನು ಕೈಯೆತ್ತಿದ್ದು ಲೆಕ್ಕಕ್ಕೆ ಬಂತು. ಮರುದಿನ ಎಲ್ಲರ ಮುಂದೆ ಅವನ ಕ್ಷಮೆ ಕೇಳಲು ಬಹಳ ಕಷ್ಟವಾಯಿತು. ಅವನು ನಕ್ಕುಬಿಟ್ಟ. ಈಗ ಅವನು ನಮ್ಮ ಸಂಘದ ಸದಸ್ಯ.

ಇನ್ನು ಭಾನುವಾರದ ಪ್ರಶ್ನೆ. ಹುಡುಗ ಕೇಳಿದ್ದು ಅದನ್ನೇ. ಮೇಲೆ ಹೇಳಿದ ಸಣ್ಣ ಅಭ್ಯಾಸಗಳು ಬಲಿಪೂಜೆಗೆ ಬದಲಿಯಲ್ಲ. ಹಾಗೆಂದು ನಾನು ಹೇಳಿದರೆ ಸುಳ್ಳು ಹೇಳಿದಂತೆ. ಆದರೆ ಕಾನೂನು ತಿಳಿಯದೆ ಹೆದರುವವರು ನಮ್ಮಲ್ಲಿ ಬಹಳ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿಯಂತೆ, ಶನಿವಾರ ಸಂಜೆಯ ಬಲಿಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ತೀರುತ್ತದೆ. ಗಂಭೀರ ಕಾರಣದಿಂದ ಹೋಗಲು ಸಾಧ್ಯವೇ ಆಗದಿದ್ದವರು ಒಬ್ಬರೇ ಅಥವಾ ಕೂಡಿಕೊಂಡು ತಕ್ಕಷ್ಟು ಹೊತ್ತು ಪ್ರಾರ್ಥಿಸಬೇಕೆಂದೂ ಅದೇ ವಿಧಿ ಹೇಳುತ್ತದೆ. ಹಿಂದೆ ಪರಮಪ್ರಸಾದಕ್ಕೆ ಮಧ್ಯರಾತ್ರಿಯಿಂದ ಉಪವಾಸವಿರಬೇಕಾಗಿತ್ತು. 1964ರಿಂದ ಒಂದೇ ಗಂಟೆ, ನೀರು ಕುಡಿಯಲು ಅಡ್ಡಿಯಿಲ್ಲ. ಬೆಳಿಗ್ಗೆ ಚಹಾ ಕುಡಿದುಬಿಟ್ಟೆ, ಈಗ ಹೋಗುವಂತಿಲ್ಲ ಎಂಬ ನೆಪ ನಡೆಯುವುದಿಲ್ಲ. ಪಾಪನಿವೇದನೆಗೆ ಇಲ್ಲಿ ಕನ್ನಡ ತಿಳಿದ ಗುರುಗಳು ಸಿಗುವುದಿಲ್ಲವೆಂದು ವರ್ಷಗಟ್ಟಲೆ ಹೋಗದವರಿದ್ದಾರೆ. ನಾನು ಗಿರಾಕಿಯ ಹತ್ತಿರ ಆಡುವ ಹಿಂದಿಯಲ್ಲೇ ಹೇಳಿದೆ. ಪಾಪಕ್ಕೆ ವ್ಯಾಕರಣ ಬೇಕಾಗಿಲ್ಲ.

ರಜೆ ಕೇಳುವುದು ಧರ್ಮಕ್ಕೆ ಸೇರಿದ ಮಾತೋ, ಯೂನಿಯನ್ನಿಗೆ ಸೇರಿದ ಮಾತೋ ಎಂದು ಕೆಲವರು ಕೇಳುತ್ತಾರೆ. ಎರಡಕ್ಕೂ. ಪೋಪ್ 13ನೆಯ ಲಿಯೋ ಅವರು 1891ರ ಮೇ 15ರಂದು ಹೊರಡಿಸಿದ ಪತ್ರದಲ್ಲಿ ಭಾನುವಾರದ ವಿಶ್ರಾಂತಿ, ಸಂಸಾರಕ್ಕೆ ಸಾಲುವ ಕೂಲಿ, ಕೆಲಸಗಾರರು ಸಂಘ ಕಟ್ಟುವ ಹಕ್ಕು ಎಲ್ಲವನ್ನೂ ಎತ್ತಿ ಹೇಳಿದ್ದಾರೆ. 12ನೆಯ ಪಿಯೂಸ್ ಅವರು 1955ರಲ್ಲಿ ಮೇ 1ನ್ನೇ ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಮಾಡಿದರು. ವಾರಕ್ಕೊಂದು ರಜೆ ಕಾನೂನಿನಲ್ಲೂ ಇದೆ. ಅದನ್ನು ತಗ್ಗಿದ ದನಿಯಲ್ಲಿ ಬೇಡಬೇಕಾಗಿಲ್ಲ.

ಗುರುಗಳೇ ಸಿಗದಿದ್ದರೆ ವಿಶ್ವಾಸ ಸತ್ತುಹೋಗುತ್ತದೆಯೇ? ಜಪಾನಿನಲ್ಲಿ 1614ರಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿದರು. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿನ ರೈತರು, ಮೀನುಗಾರರು ಗುರುಗಳಿಲ್ಲದೆ, ಇಗರ್ಜಿಯಿಲ್ಲದೆ, ಮನೆಯೊಳಗೆ ಪ್ರಾರ್ಥನೆಯನ್ನೂ ಜ್ಞಾನಸ್ನಾನವನ್ನೂ ಉಳಿಸಿಕೊಂಡರು. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ಇಗರ್ಜಿಗೆ ಕೆಲವರು ಬಂದು ಫ್ರೆಂಚ್ ಪಾದ್ರಿಯ ಮುಂದೆ ತಾವೂ ಅದೇ ವಿಶ್ವಾಸದವರೆಂದು ಮೆಲ್ಲನೆ ಹೇಳಿದರು. ಹದಿನಾಲ್ಕು ತಿಂಗಳು ಎಂದು ತಲೆ ತಗ್ಗಿಸಿದ ತಮ್ಮನಿಗೆ ಇದನ್ನು ಹೇಳುತ್ತಿದ್ದೇನೆ.

ಈ ಸೂರತ್ತಿನ ಒಂದು ಹಳೆಯ ಸಂಗತಿಯೂ ಇದೆ. 1664ರಲ್ಲಿ ಶಿವಾಜಿ ಮಹಾರಾಜರು ಈ ಊರಿನ ಮೇಲೆ ಬಿದ್ದಾಗ ಕಪುಚಿನ್ ಪಾದ್ರಿ ಆಂಬ್ರೋಸರ ಮನೆಯನ್ನು ಮುಟ್ಟಲಿಲ್ಲವೆಂದು ಫ್ರೆಂಚ್ ಪ್ರವಾಸಿ ಬರ್ನಿಯೆ ಬರೆದಿದ್ದಾನೆ. ದಾನಿಯೆಂದು ಹೆಸರಾಗಿದ್ದ, ಆಗಾಗಲೇ ತೀರಿಕೊಂಡಿದ್ದ ಒಬ್ಬ ಹಿಂದೂ ದಲ್ಲಾಳಿಯ ಮನೆಯೂ ಹಾಗೆಯೇ ಉಳಿಯಿತಂತೆ. ಇಬ್ಬರನ್ನೂ ಊರು ಗುರುತಿಸಿದ್ದು ನಡತೆಯಿಂದ. ನೆರೆಯ ಆ ಮಾಳಿಗೆಯಲ್ಲಿ ನನ್ನ ಪಾಲಿಗೆ ಅರ್ಧ ಬಾಟಲಿ ನೀರು ಉಳಿಸಿ ಕೊಟ್ಟವನು ಕುಂದಾಪುರದ ಒಬ್ಬ ಹುಡುಗ. ಅವನು ಯಾವ ದೇವರಿಗೆ ಹರಕೆ ಹೊತ್ತಿದ್ದನೋ ನಾನು ಕೇಳಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಈ ಹುಡುಗನ ಹೊಟೇಲಿನಲ್ಲಿ ಕಳೆದ ವಾರ ಒಂದು ಒಪ್ಪಂದವಾಗಿದೆ. ಶನಿವಾರ ಸಂಜೆ ಎರಡು ಗಂಟೆ ಇವನ ಕೆಲಸವನ್ನು ಜೊತೆಯ ಸಪ್ಲೈಯರೊಬ್ಬರು ನೋಡಿಕೊಳ್ಳುತ್ತಾರೆ. ಚೌತಿ, ದೀಪಾವಳಿಗೆ ಅವರ ಕೆಲಸ ಇವನು ಮಾಡುತ್ತಾನೆ. ಮಾಲಿಕರೂ ಒಪ್ಪಿದ್ದಾರೆ, ಅವರಿಗೆ ಮೇಜು ಖಾಲಿ ಬೀಳದಿದ್ದರೆ ಸಾಕು. ಇತರ ಹೊಟೇಲುಗಳಲ್ಲೂ ಗಿರಣಿಗಳಲ್ಲೂ ಹೀಗೆ ಪಾಳಿ ಬದಲಾಯಿಸಿಕೊಳ್ಳಲು ಇಷ್ಟವಿರುವವರು, ಯಾವ ಮತದವರೇ ಆಗಿರಲಿ, ಕಾರ್ಯದರ್ಶಿಗಳ ಹತ್ತಿರ ಹೆಸರು, ಪಾಳಿಯ ವೇಳೆ, ಬೇಕಾದ ಹಬ್ಬದ ದಿನ ಬರೆಸಬೇಕು. ಪುಸ್ತಕ ಆ ಮೇಜಿನ ಮೇಲಿದೆ. ಐದು ಗಂಟೆಗೆ ಒಲೆ ಹೊತ್ತಿಸಬೇಕಾದವರು ಮೊದಲು ಬರೆಸಿ ಹೊರಡಿ. ಚಹಾ ಆಗಲೇ ಬಂದಿದೆ.